ಬೀಗತಿಯ ಮಣ್ಣು

ಸಿಯಾಟಲ್ ಹತ್ತಿರದ ರೆಂಟನ್ನಿನ ಆ ಮನೆಯಲ್ಲಿ ಬೆಳಕು ಹರಿಯುವ ಮುಂಚೆಯೇ ಎರಡು ಕೋಣೆಗಳಲ್ಲಿ ದೀಪ ಹತ್ತುತ್ತಿತ್ತು. ಒಂದರಲ್ಲಿ ಬಸವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳ ಲಿಂಗವನ್ನು ಎಡಗೈಯ ಅಂಗೈಗೆ ಇಳಿಸಿಕೊಂಡು, ಅದರ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದಳು. ಗೋಡೆಯಾಚೆ ಅವಳ ಬೀಗತಿ ಕಜುಕೊ ತಲೆಗೆ ಬಿಳಿ ಬಟ್ಟೆ ಸುತ್ತಿ, ಚಾಪೆ ಹಾಸಿ, ನಮಾಜಿಗೆ ನಿಲ್ಲುತ್ತಿದ್ದಳು. ಮೊದಲು ಮುಗಿಸಿದವರು ಚಹಾಕ್ಕೆ ನೀರಿಡುವುದು ರೂಢಿ. ಯಾರೂ ಹೇಳಿ ಮಾಡಿದ್ದಲ್ಲ. ಹೇಳೋಣವೆಂದರೆ ಇಬ್ಬರಿಗೂ ಸೇರಿದ ಒಂದು ಭಾಷೆಯೇ ಇರಲಿಲ್ಲ. ಒಬ್ಬಳಿಗೆ ಗದಗಿನ ಕಡೆಯ ಕನ್ನಡ, ಇನ್ನೊಬ್ಬಳಿಗೆ ಜಪಾನಿ ಮತ್ತು ನಾಲ್ಕು ಇಂಗ್ಲಿಷ್ ಮಾತು. ಉಳಿದದ್ದು ಕೈಸನ್ನೆ, ಅದಕ್ಕೂ ಮೀರಿದ್ದು ಮೊಮ್ಮಗಳು ಯುಮಿಯ ಪಾಲು.

ಬಸವ್ವನ ಮಗಳು ಶರ್ವಾಣಿ, ಕಜುಕೊಳ ಮಗ ತಕೇಶಿ. ಅವಳಿಗೆ ಪಕ್ಕದೂರು ಬೆಲ್ವ್ಯೂನಲ್ಲಿ ಆಫೀಸು ಕೆಲಸ, ಅವನಿಗೆ ವಿಮಾನದ ಕಾರ್ಖಾನೆಯಲ್ಲಿ. ಮದುವೆಯ ಹೊತ್ತಿಗೆ ಬಸವ್ವ ಜಪಾನಿನ ಅಳಿಯನನ್ನು ಹೇಗೋ ಒಪ್ಪಿದ್ದಳು. ಅವನ ತಾಯಿ ಮುಸಲ್ಮಾನಳೆಂದು ಗೊತ್ತಾದಾಗ ಮಾತ್ರ ಬೆರಗಾಗಿದ್ದಳು.

"ಜಪಾನದಾಗೂ ಸಾಬರದಾರೇನ?" ಎಂದು ಕೇಳಿದ್ದಳು.

"ಅದಾರವ್ವಾ, ಭಾಳ ಕಡಿಮಿ. ಅವರ ಮನೆತನದಾಗಂತೂ ಈಕಿ ಒಬ್ಬಾಕಿನ," ಎಂದಿದ್ದಳು ಶರ್ವಾಣಿ.

ಒಬ್ಬಳೇ ಎಂಬುದು ನಿಜವೇ ಆಗಿತ್ತು. ಗಂಡ ತೀರಿಕೊಂಡ ಮೇಲೆ ಕಜುಕೊ ಕೋಬೆ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಇಂಡೋನೇಷಿಯಾದಿಂದ ಬಂದ ಹುಡುಗಿಯರು ಮುದುಕರ ಮೈ ತೊಳೆದು, ಹಾಸಿಗೆ ಬದಲಿಸಿ, ನಡುವೆ ಸಿಕ್ಕ ಬಿಡುವಿನಲ್ಲಿ ಮಡಚಿಟ್ಟ ಹೊದಿಕೆಗಳ ಕೋಣೆಯೊಳಗೆ ನಮಾಜು ಮಾಡುತ್ತಿದ್ದರು. ದಣಿದ ಮೈ ನೆಲಕ್ಕೆ ಬಾಗಿ, ಹಗುರವಾಗಿ ಏಳುವುದನ್ನು ಕಜುಕೊ ಬಹಳ ಕಾಲ ನೋಡಿದಳು. ಆಮೇಲೆ ಒಂದು ದಿನ ತಾನೂ ಬಾಗಿದಳು. ಅವಳ ತಮ್ಮ ಯೋಶಿಯೊ, "ಇದು ಜಪಾನಿನವರಿಗೆ ಯಾಕೆ ಬೇಕು?" ಎಂದ. ನೆರೆಯವರು, ಅರಬನನ್ನು ಕಟ್ಟಿಕೊಂಡಳೇನೋ ಎಂದು ಹುಡುಕಿ ನೋಡಿದರು. ಹೊಸ ವರ್ಷದ ಊಟಕ್ಕೆ ಕರೆದವರೆಲ್ಲ ಅಕ್ಕಿಮದ್ಯ ಹಾಕಿದ ಪಲ್ಯವನ್ನೇ ಬಡಿಸಿ, "ಸ್ವಲ್ಪವೇ ಇದೆ, ಕುದಿದು ಹೋಗಿರುತ್ತೆ, ಗೊತ್ತೂ ಆಗೋದಿಲ್ಲ" ಎನ್ನುತ್ತಿದ್ದರು. ಅವಳು ಬರೀ ಅನ್ನ ತಿಂದು ಬರುತ್ತಿದ್ದಳು.

ಸಿಯಾಟಲ್‌ಗೆ ಬಂದ ಮೇಲೂ ಅಷ್ಟೇ. ಜಪಾನಿನ ದಿನಸಿ ಅಂಗಡಿಯಲ್ಲಿ ಅವಳ ದೇಶದವರೇ ಅವಳ ತಲೆವಸ್ತ್ರ ನೋಡಿ ಇಂಗ್ಲಿಷಿನಲ್ಲಿ ಮಾತಾಡಿಸುವರು. ಶುಕ್ರವಾರ ಕಾರಿನಲ್ಲಿ ಮಸೀದಿಗೆ ಕರೆದೊಯ್ಯುತ್ತಿದ್ದ ಸೊಮಾಲಿ ಹೆಂಗಸು ಒಳ್ಳೆಯವಳು. ಆದರೆ ಅಲ್ಲಿಯೂ ಜಪಾನಿನವಳೆಂದು ಅವಳೊಬ್ಬಳೇ. ಹೀಗೆ ಎರಡೂ ಕಡೆ ಒಂಟಿಯಾದವಳು ಲೇಬಲ್ ಓದದೆ, ಯಾರನ್ನೂ ಕೇಳದೆ ಊಟ ಮಾಡುತ್ತಿದ್ದುದು ಬಸವ್ವನ ಅಡುಗೆ ಒಂದನ್ನೇ. ಕುಡಿತವಿಲ್ಲ, ಹಂದಿಯಿಲ್ಲ, ಯಾವ ಮಾಂಸವೂ ಇಲ್ಲದ ಒಲೆ. ಜೋಳದ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಮುರಿಯುತ್ತಿದ್ದಳು. ಪ್ರತಿಯಾಗಿ ವಾರಕ್ಕೆರಡು ಸಲ ತಾನು ತಿಳಿಸಾರು ಮಾಡಿ, ಗಡ್ಡೆ ಬೇಯಿಸಿ ಬಸವ್ವನ ಮುಂದಿಡುತ್ತಿದ್ದಳು. ಮೊದಲ ಸಲವೇ ಬಸವ್ವ ಸನ್ನೆ ಮಾಡಿ ಕೇಳಿದ್ದಳು, ಮೀನು? ಮಾಂಸ? ಕಜುಕೊ ತಲೆಯಾಡಿಸಿ, "ನೋ ಮೀಟ್, ನೋ ಫಿಶ್, ಬಸವ್ವಾ-ಸಾನ್" ಎಂದಿದ್ದಳು.

ಆ ಚಳಿಗಾಲ ಕಜುಕೊಳ ಕಾಲು ಬಾತವು. ಹೃದಯ ಸೋತಿದೆ, ಇನ್ನು ಸುಧಾರಿಸುವುದಿಲ್ಲ, ಮನೆಯವರು ಕೂತು ಮಾತಾಡಿಕೊಳ್ಳುವುದು ಒಳ್ಳೆಯದು ಎಂದರು ಡಾಕ್ಟರು. ಮಾತು ಭಾನುವಾರದ ಊಟಕ್ಕೆ ಬಂತು. ಕಜುಕೊ ಚಮಚ ಕೆಳಗಿಟ್ಟು ಜಪಾನಿಯಲ್ಲಿ ನಿಧಾನವಾಗಿ ಹೇಳಿದಳು. ಜಪಾನಿ ಅಜ್ಜಿಯನ್ನು ಒಬಾಚಾನ್ ಎಂದು ಕರೆಯುತ್ತಿದ್ದ ಯುಮಿ ಅದನ್ನು ಬಸವ್ವನಿಗಾಗಿ ತುಂಡು ತುಂಡಾಗಿ ತಿರುಗಿಸಿದಳು.

"ಒಬಾಚಾನ್ ಹೇಳ್ತಿದಾರೆ... ಶಿ ವಾಂಟ್ಸ್ ಟು ಬಿ ಬರೀಡ್. ಸುಡಬಾರದು. ಮಸೀದಿಯವರ ಜಾಗ ಇದೆ. ಬಟ್ ಡ್ಯಾಡ್ ಹ್ಯಾಸ್ ಟು ಸೇ ಯೆಸ್."

ತಕೇಶಿ ತಟ್ಟೆ ನೋಡುತ್ತ ಕೂತ. ಹಿಂದಿನ ವಾರವೇ ಸೋದರಮಾವ ಯೋಶಿಯೊ ಫೋನು ಮಾಡಿದ್ದ. ಅಪ್ಪನ ಅಸ್ಥಿ ಇರುವ ಮನೆತನದ ಸಮಾಧಿಯಲ್ಲಿ ಅಮ್ಮನಿಗೆಂದು ಜಾಗ ಕಾದಿದೆ, ನೀನು ಒಬ್ಬನೇ ಮಗ, ಬೂದಿಯಾದ ಮೇಲೆ ಮೂಳೆ ತೆಗೆದುಕೊಂಡು ಬಾ, ಎಂದು. ತಕೇಶಿ ಹೂಂ ಎಂದುಬಿಟ್ಟಿದ್ದ.

"ಅಮ್ಮಾ, ಈಗಲೇ ಯಾಕೆ ಆ ಮಾತು?" ಎಂದ ತಾಯಿಗೆ.

"ಆಮೇಲೆ ನಾನು ಕೇಳೋಕಾಗಲ್ಲ, ಅದಕ್ಕೆ," ಎಂದಳು ಕಜುಕೊ.

ಶರ್ವಾಣಿ ಎದ್ದು ಮೊಸರು ತಂದಳು. ಮಾತು ಅಲ್ಲಿಗೇ ನಿಂತಿತು.

ಆ ವಾರವೇ ಉಸಿರು ಕಟ್ಟಿ ಕಜುಕೊಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಶರ್ವಾಣಿ ಬೆಲ್ವ್ಯೂನಿಂದ ಟ್ರಾಫಿಕ್ಕಿನಲ್ಲಿ ತೆವಳಿ ಸೀದಾ ಆಸ್ಪತ್ರೆಗೆ ಹೋಗುವಳು. ಅವಳು ಹೊರಡುವ ಹೊತ್ತಿಗೆ ತಕೇಶಿ ಬರುವನು. ಮನೆಯಲ್ಲಿ ಒಗೆದ ಬಟ್ಟೆ ಒಣಗಿಸುವ ಯಂತ್ರದಲ್ಲೇ ತಣ್ಣಗಾಗಿ ಬಿದ್ದಿರುತ್ತಿತ್ತು. ಆಸ್ಪತ್ರೆಯ ಊಟವನ್ನು ಬೀಗತಿ ಮುಟ್ಟುತ್ತಿಲ್ಲವೆಂದು ಬಸವ್ವನ ಕಿವಿಗೆ ಬಿತ್ತು. ಆಕೆಗೆ ಇಷ್ಟದ ತಿಳಿಸಾರನ್ನೇ ಮಾಡಿ ಕಳಿಸೋಣವೆಂದು ಸೀರೆ ಎತ್ತಿ ಕಟ್ಟಿದಳು. ನೋಡಿ ನೋಡಿ ಕಲಿತದ್ದೇ: ನೀರು ಕಾಯಬೇಕು, ಮೇಲಿನ ಶೆಲ್ಫಿನ ಡಬ್ಬಿಯಿಂದ ಚಕ್ಕೆ ಹಾಕಬೇಕು, ಬಟ್ಟೆಯಲ್ಲಿ ಸೋಸಬೇಕು. ಡಬ್ಬಿಯಲ್ಲಿ ಬಡಗಿ ಮರ ಹೆರೆದ ಹಾಗಿನ ತೆಳ್ಳನೆಯ ಕಂದು ಚಕ್ಕೆ. ಯಾವುದೋ ಗಿಡದ ತೊಗಟೆ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

"ಯುಮೀ, ಈ ತೊಗಟಿ ಎಷ್ಟ ಹಾಕ್ತಾಳ ನಿಮ್ಮ ಒಬಾಚಾನ್? ಒಂದ ಹಿಡೀನೋ, ಎರಡೋ?"

ಯುಮಿ ಫೋನಿನಿಂದ ತಲೆಯೆತ್ತಿದಳು. "ತೊಗಟಿ? ವಾಟ್ಸ್ ದ್ಯಾಟ್?"

"ಗಿಡದ ಮ್ಯಾಲಿಂದು. ಚಕ್ಕಿ."

"ನೋ ಅಜ್ಜಿ, ದಟ್ಸ್ ಕತ್ಸುವೊ. ಇಟ್ಸ್ ಫಿಶ್. ಒಣಗ್ಸಿ, ಶೇವ್ ಮಾಡಿರೋದು."

ಬಸವ್ವನ ಕೈಯಲ್ಲಿದ್ದ ಚಕ್ಕೆ ಒಲೆಯ ಸುತ್ತ ಉದುರಿತು. "ಫಿಶ್ ಅಂದ್ರ... ಮೀನ?"

"ಐ ಥಾಟ್ ಯು ನ್ಯೂ!" ಎಂದಳು ಯುಮಿ, ಅಜ್ಜಿಯ ಮುಖ ನೋಡಿ ಎದ್ದು ನಿಂತು.

ಬಸವ್ವ ಒಲೆ ಆರಿಸಿದಳು. ಕೊರಳ ಲಿಂಗವನ್ನು ಸೆರಗಿನ ಮೇಲಿಂದಲೇ ಮುಚ್ಚಿ ಹಿಡಿದಳು, ಅದಕ್ಕೆ ಆ ಮಾತು ಕೇಳಿಸಬಾರದೆಂಬಂತೆ. ಹುಟ್ಟಿದಾಗಿನಿಂದ ತತ್ತಿ ಮುಟ್ಟಿದವಳಲ್ಲ. ಸಂಜೆ ಶರ್ವಾಣಿ ಬರುವಷ್ಟರಲ್ಲಿ ತಲೆಗೆ ನೀರು ಹಾಕಿಕೊಂಡು, ಉಪವಾಸ ಹಿಡಿದು, ತನ್ನ ಪಾತ್ರೆಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ, ಸಣ್ಣ ಕರೆಂಟ್ ಒಲೆಯ ಮುಂದೆ ಸ್ಟೂಲು ಹಾಕಿ ಕೂತಿದ್ದಳು.

"ಅವ್ವಾ, ಇಲ್ಲೆ ಥಂಡಿ ಐತಿ. ಒಳಗ ಬಾ."

"ಒಳಗಿನ ಒಲಿ ನಂದಲ್ಲ."

"ಆಕಿ ಬೇಕಂತ ಮಾಡಿಲ್ಲವ್ವಾ. ಅವರಿಗೆ ಅದು ಮೀನಂತ ಅನಸೂದ ಇಲ್ಲ. ನಾವು ಇಂಗು ಹಾಕ್ತೀವಲ್ಲ, ಹಂಗ."

"ಇಂಗಿಗೆ ಕಣ್ಣಿತ್ತೇನ? ಉಸರಿತ್ತೇನ?"

ಹಿಂದೆ ನಿಂತಿದ್ದ ತಕೇಶಿ ದಣಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ, "ಇಷ್ಟು ವರ್ಷ ಅವರಿಗೆ ಗೊತ್ತಿರಲಿಲ್ಲ, ಏನೂ ಆಗಿರಲಿಲ್ಲ. ಇವತ್ತು ಗೊತ್ತಾಗಿದ್ದಕ್ಕೇ ತಾನೇ ಇಷ್ಟೆಲ್ಲ?"

"ಏನಂದ್ರು ಅಳಿಯಾರು?" ಎಂದಳು ಬಸವ್ವ.

ಶರ್ವಾಣಿಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. ಇದ್ದಂತೆ ಹೇಳಿದಳು. ಬಸವ್ವ ಅಳಿಯನ ಮುಖವನ್ನೊಮ್ಮೆ ನೋಡಿ, ಒಲೆಯ ಕಡೆ ತಿರುಗಿದಳು.

ಊರಿನ ಗೆಳತಿ ದ್ಯಾಮವ್ವನಿಗೆ ಫೋನು ಮಾಡಿ ಅತ್ತಳು. ದ್ಯಾಮವ್ವ ತಡೆಯಲಾರದೆ ನಕ್ಕಳು. "ಇಷ್ಟ ವರ್ಷ ಮೀನ ತಿಂದೀ ಅಂದ್ರ ಒಂದ ಮುಳ್ಳರ ಸಿಗಬೇಕಿತ್ತಲ್ಲಬೇ!"

"ನಗಬ್ಯಾಡ ನೀ. ನನ್ನ ಜೀವ ಹೋಗೇತಿ."

"ಹೋಗಿಲ್ಲ, ಮಾತಾಡಾಕತ್ತೀದಿ. ವಿಭೂತಿ ಹಚ್ಚಿಕೋ, ಶಿವಾ ಅನ್ನು. ಅವನಿಗೆ ನಿನ್ನ ಮನಸ ಕಾಣತೈತಿ, ಹೊಟ್ಟಿ ಅಲ್ಲ."

ಕಜುಕೊ ಮನೆಗೆ ಬಂದ ದಿನ ಯುಮಿ ಎಲ್ಲ ಹೇಳಿಬಿಟ್ಟಳು. ಆ ಮುದುಕಿ ಬಾತ ಕಾಲಿನಲ್ಲೇ ಗ್ಯಾರೇಜಿನ ಮೆಟ್ಟಿಲಿಳಿದು, ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದಳು. ಮಗ ಓಡಿ ಬಂದ. "ಅಮ್ಮಾ, ಏಳು. ಬರೀ ಸಾರಿನ ರುಚಿಗೆ ಹಾಕಿದ್ದು. ಅದಕ್ಕೆ ಇಷ್ಟೊಂದು ಯಾಕೆ?"

ಕಜುಕೊ ಅವನ ಕೈ ಕೊಡವಿದಳು. "ನಿನ್ನ ಮಾವ ನನಗೆ ಹೇಳ್ತಿದ್ದದ್ದೂ ಅದನ್ನೇ. ಸ್ವಲ್ಪವೇ ಇದೆ, ಗೊತ್ತಾಗೋದಿಲ್ಲ ಅಂತ. ಎಷ್ಟು ವರ್ಷ ಕೇಳಿದೀನಿ. ಕೊನೆಗೆ ನಾನೇ ಇವರಿಗೆ ಹಾಗೆ ಮಾಡಿದೆ."

ಬಸವ್ವನಿಗೆ ಮಾತು ತಿಳಿಯಲಿಲ್ಲ. ಅವಳಾಗಿ ಕೇಳಲೂ ಇಲ್ಲ. ಬೀಗತಿಯ ರಟ್ಟೆ ಹಿಡಿದು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದಳು. ಒಂದು ಬಿಸಿ ರೊಟ್ಟಿ ಕೈಗಿಟ್ಟಳು. ಆದರೆ ಒಳಗಿನ ಒಲೆಗೆ ಮಾತ್ರ ಹೋಗಲಿಲ್ಲ.

ಹೀಗೆ ಒಂದು ಮನೆಯಲ್ಲಿ ಎರಡು ಅಡುಗೆ ನಡೆಯಿತು. ಶರ್ವಾಣಿ ಗ್ಯಾರೇಜಿನಿಂದ ರೊಟ್ಟಿ ತಂದು ಅತ್ತೆಗೆ ಕೊಡುವಳು, ಅತ್ತೆಯ ಮಾತ್ರೆ ಕೊಟ್ಟು ತಾಯಿಯ ತಟ್ಟೆ ತೊಳೆಯುವಳು, ನಡುವೆ ಆಫೀಸಿನ ಮೀಟಿಂಗಿಗೆ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಸಿಂಕಿನ ಮುಂದೆ ನಿಲ್ಲುವಳು. ಮನೆಯಲ್ಲಿ ಯಾರ ದನಿಯೂ ಏರುತ್ತಿರಲಿಲ್ಲ. ಏರಿಸುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ಒಂದು ಸಂಜೆ ಕಜುಕೊ ಮತ್ತೆ ಕೇಳಿದಳು. ಈ ಸಲ ತಕೇಶಿ, "ಆಯ್ತಮ್ಮಾ, ನೀನು ಹೇಳಿದ ಹಾಗೇ ಆಗಲಿ. ಮಣ್ಣಿಗೇ" ಎಂದ. ಕಜುಕೊ ಮಗನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅಂದು ಮನೆಯೇ ಉಸಿರು ಬಿಟ್ಟಂತಾಯಿತು. ಗ್ಯಾರೇಜಿನಲ್ಲಿದ್ದ ಬಸವ್ವನಿಗೂ ಯುಮಿ ಸುದ್ದಿ ಮುಟ್ಟಿಸಿದಳು. ಬಸವ್ವ ಕೈಮುಗಿದು, "ಶಿವನ ದಯಾ," ಎಂದಳು.

ಮರುದಿನ ತಾಯಿ ಮಗಳು ಸೋಫಾದ ಮೇಲೆ ಬಟ್ಟೆ ಮಡಚುತ್ತ ಕೂತಿದ್ದರು. ಕಜುಕೊ ಒಳಗೆ ಮಲಗಿದ್ದಳು.

"ಅಳಿಯಾರು ಒಪ್ಪಿದ್ದು ಭಾಳ ಚಲೋ ಆತವಾ," ಎಂದಳು ಬಸವ್ವ.

ಶರ್ವಾಣಿ ಒಂದು ಟವೆಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಒಪ್ಪಿಲ್ಲವ್ವಾ. ಸುಮ್ನ ಹೂಂ ಅಂದಾನ. ಸೋದರಮಾವಗೂ ಹೂಂ ಅಂದಾನ, ಈಕಿಗೂ ಹೂಂ ಅಂದಾನ."

"ಅಂದ್ರ?"

"ಆಮ್ಯಾಲೆ ಇಲ್ಲೇ ಕ್ರಿಮೇಶನ್ ಮಾಡ್ಸಿ, ಅಸ್ಥಿ ತಗೊಂಡ ಜಪಾನಕ್ಕ ಹೋಗ್ತಾನ. ಇದ್ದಷ್ಟ ದಿನ ಆಕಿ ಸಮಾಧಾನದಿಂದ ಇರ್ಲಿ ಅಂತ. ಆಮ್ಯಾಲೆ ಆಕಿಗೇನ ಗೊತ್ತಾಗ್ತೈತಿ?"

"ನೀನೂ ಹೂಂ ಅಂದೇನ ಇದಕ್ಕ?"

"ನಂಗ ಸಾಕಾಗೇತವ್ವಾ. ಯಾರ ಕಡೆ ನಿಲ್ಲಲಿ? ಅವನ ತಾಯಿ, ಅವನ ಇಷ್ಟ."

ಬಸವ್ವ ಯುಮಿಯ ಕಾಲುಚೀಲದ ಜೋಡಿ ಹುಡುಕುತ್ತಿದ್ದವಳು ಕೈ ನಿಲ್ಲಿಸಿದಳು. ಗಂಡ ಅಡಿವೆಪ್ಪ ಹೋದಾಗ ಹೊಲದ ಬದುವಿನಲ್ಲಿ ಕುಣಿ ತೋಡಿ, ಕುಳಿತ ಭಂಗಿಯಲ್ಲೇ ಇಳಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರಿ ತುಂಬಿ ಮಣ್ಣು ಕೊಟ್ಟಿದ್ದರು. ಮುಂದೆ ತನಗೂ ಹಾಗೆಯೇ ಎಂದು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಮಾತೇ ಅಲ್ಲ ಅದು, ಆಗೇ ಆಗುತ್ತದೆ ಎಂದುಕೊಂಡಿದ್ದಳು.

"ಹಂಗಾರ ನಂಗೂ ಹಿಂಗ ಮಾಡ್ತಿ," ಎಂದಳು.

"ಅವ್ವಾ! ನಿಂದ್ಯಾಕ ಈಗ?"

"ಗೊತ್ತಾಗಂಗಿಲ್ಲಲಾ ನಂಗ."

ಶರ್ವಾಣಿ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೆಟ್ಟಿಲೇರಿ ಹೋದಳು. ಮೇಲೆ ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

ಭಾನುವಾರ ಬಸವ್ವ ತಾನಾಗಿಯೇ ಗ್ಯಾರೇಜಿನಿಂದ ಒಳಗೆ ಬಂದು ಊಟದ ಮೇಜಿಗೆ ಕೂತಳು. ಮುಂದೆ ತನ್ನ ತಟ್ಟೆ, ತನ್ನ ರೊಟ್ಟಿ. ಎಲ್ಲರೂ ಅವಳನ್ನೇ ನೋಡಿದರು. ಅವಳು ಯುಮಿಗೆ ಹೇಳಿದಳು, "ನಾ ಹೇಳಿದ್ದ ನಿಮ್ಮಪ್ಪಗ ಇಂಗ್ಲಿಷಿನ್ಯಾಗ ಹೇಳು. ಕೂಡಸಬ್ಯಾಡ, ಬಿಡಬ್ಯಾಡ."

"ಅವ್ವಾ, ಊಟದಾಗ ಬ್ಯಾಡ," ಎಂದಳು ಶರ್ವಾಣಿ.

"ಊಟದ್ದ ಮಾತ ಐತಿ. ಅಳಿಯಾರ, ನಾ ಇಷ್ಟು ವರ್ಷ ಮೀನಿನ ಸಾರ ಕುಡದೆ. ನಂಗ ಗೊತ್ತಿರಲಿಲ್ಲ. ಗೊತ್ತಿರಲಿಲ್ಲಂತ ಆ ಮೀನ ಕಾಯಿಪಲ್ಯ ಆಗಲಿಲ್ಲ. ನಿಮ್ಮವ್ವ ತಿಳೀದ ಮಾಡಿದ್ಲು. ಗೊತ್ತಾದ ಕೂಡಲೆ ಮಣಕಾಲೂರಿ ತಪ್ಪಾತಂದ್ಲು. ನೀವು ತಿಳದ ಮಾಡೋದಕ್ಕ ಯಾರ ಮುಂದ ಮಣಕಾಲ ಊರ್ತೀರಿ? ಆವತ್ತ ಆಕಿ ಇರಂಗಿಲ್ಲ."

ಯುಮಿ ಇಂಗ್ಲಿಷಿನಲ್ಲಿ ಹೇಳುತ್ತ ಹೇಳುತ್ತ ಕೊನೆಯ ಮಾತಿಗೆ ನಿಂತಳು. "ಡ್ಯಾಡ್? ವಾಟ್ ಡಸ್ ಶಿ ಮೀನ್?"

ತಕೇಶಿ ಹೆಂಡತಿಯನ್ನು ನೋಡಿದ. ಹೆಂಡತಿ ಮುಖ ತಗ್ಗಿಸಿದಳು. ಆಗ ಕಜುಕೊಳೇ ಮೆಲ್ಲಗೆ ಜಪಾನಿಯಲ್ಲಿ, "ಹೇಳು. ಅವತ್ತು ಹೂಂ ಅಂದಾಗ ನೀನು ನನ್ನ ಮುಖ ನೋಡಲಿಲ್ಲ" ಎಂದಳು.

ತಕೇಶಿ ಹೇಳಿದ. ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವಾಗ ಅವನ ದನಿ ಹುಡುಗನದಾಗಿತ್ತು. "ಅಪ್ಪ ಅಲ್ಲಿ ಒಬ್ಬನೇ ಇರ್ತಾನಮ್ಮಾ. ನಾನು ಒಬ್ಬನೇ ಮಗ. ನಿನ್ನನ್ನ ಬೇರೆ ದೇಶದ ಮಣ್ಣಲ್ಲಿ ಬಿಟ್ಟು ಅವನ ಮುಂದೆ ಹೋಗಿ ಹೇಗೆ ನಿಲ್ಲಲಿ?"

ಕಜುಕೊ ನೀರು ಕುಡಿದಳು. "ನಿನ್ನ ಅಪ್ಪನ ಮೂಳೆಗಳನ್ನ ನಾನೂ ನೀನೂ ಬೂದಿಯಿಂದ ಕಡ್ಡಿಯಲ್ಲಿ ಹೆಕ್ಕಿ ಕುಂಭದಲ್ಲಿ ಇಟ್ಟೆವು. ನೆನಪಿದೆಯಾ? ಅವನ ನಂಬಿಕೆಯಲ್ಲಿ ಹೇಗೋ ಹಾಗೇ ಮಾಡಿದೆ. ಪುರೋಹಿತರು ಹೇಳಿದ ಯಾವುದನ್ನೂ ಬಿಡಲಿಲ್ಲ. ಮಾಡಿದೆನೋ ಬಿಟ್ಟೆನೋ ಅವನಿಗೂ ಗೊತ್ತಾಗ್ತಿರಲಿಲ್ಲ."

ತಕೇಶಿ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಕಜುಕೊ ಎದ್ದು ತನ್ನ ಕೋಣೆಗೆ ಹೋಗಿ, ತನ್ನ ಮದುವೆಯಲ್ಲಿ ತಂದಿದ್ದ ಮರದ ಬಾಚಣಿಗೆ ತಂದು ಅವನ ಮುಂದಿಟ್ಟಳು. ಹಲ್ಲುಗಳ ನಡುವೆ ನಾಲ್ಕು ಬಿಳಿ ಕೂದಲು ಸಿಕ್ಕಿಕೊಂಡಿದ್ದವು.

"ಇದನ್ನ ಅಪ್ಪನ ಹತ್ತಿರ ಇಡು. ಮೊದಲ ದಿನದಿಂದ ಅವನು ನೋಡಿದ್ದು. ಮಾವನಿಗೆ ಹೇಳು, ಅಕ್ಕ ಕಳಿಸಿದಾಳೆ ಅಂತ. ಆದರೆ ನನಗೆ ಮಾತ್ರ ಇನ್ನು ಸುಮ್ಮನೆ ಹೂಂ ಅನ್ನಬೇಡ. ಆಗಲ್ಲ ಅಂದರೆ ಆಗಲ್ಲ ಅನ್ನು. ಅಳ್ತೀನಿ, ಅಷ್ಟೇ."

ಅವನು ಬಾಚಣಿಗೆಯನ್ನು ತನ್ನ ಕೋಣೆಗೆ ಒಯ್ದ. ವಾರವಿಡೀ ಕೆಲಸಕ್ಕೆ ಹೋದ, ಬಂದ, ತಾಯಿಯ ಕಾಲಿಗೆ ಎಣ್ಣೆ ತಿಕ್ಕಿದ. ಕಜುಕೊ ಮತ್ತೆ ಕೇಳಲಿಲ್ಲ. ನಸುಕಿನಲ್ಲಿ ಬಸವ್ವ ಅಂಗೈ ಲಿಂಗದ ಮುಂದೆ ಆ ಮನೆಯ ಎಲ್ಲರ ಹೆಸರು ಹೇಳಿ, ಕೊನೆಗೆ ಬೀಗತಿಯದನ್ನೂ ಹೇಳಿ ಏಳುವಳು.

ಮುಂದಿನ ಶನಿವಾರ ಸಂಜೆ ತಕೇಶಿ ಟ್ಯಾಬನ್ನು ಮೇಜಿಗೆ ಆನಿಸಿ ಮಾವನಿಗೆ ವಿಡಿಯೋ ಕಾಲ್ ಮಾಡಿದ. ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ಗ್ಯಾರೇಜಿನ ಬಾಗಿಲಲ್ಲಿ ನಿಂತ ಬಸವ್ವನಿಗೆ ಜಪಾನಿ ತಿಳಿಯದಿದ್ದರೂ ನಡೆದದ್ದು ಕಂಡಿತು. ಪರದೆಯ ಮೇಲಿನ ಮುದುಕ ಕೈ ಬೀಸಿ ಮಾತಾಡಿದ. ಅಳಿಯ ತಲೆ ಬಾಗಿಸಿದ. ಮುದುಕ ಮತ್ತೆ ಮಾತಾಡಿದ, ಅಳಿಯ ಮತ್ತೆ ಬಾಗಿಸಿದ. ತಲೆ ಬಾಗಿದರೂ ಅವನ ದನಿ ಬಾಗಲಿಲ್ಲ. ಬಾಚಣಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ಮುದುಕ ಮಾತು ನಿಲ್ಲಿಸಿ, ಕನ್ನಡಕ ತೆಗೆದು, ಪರದೆಯಿಂದ ಪಕ್ಕಕ್ಕೆ ಸರಿದುಬಿಟ್ಟ. ಖಾಲಿ ಕುರ್ಚಿ ಕಾಣುತ್ತಿತ್ತು.

"ಏನಾತು?" ಎಂದು ಬಸವ್ವ ಪಿಸುಗುಟ್ಟಿದಳು.

"ಡ್ಯಾಡ್ ಟೋಲ್ಡ್ ಹಿಮ್," ಎಂದಳು ಯುಮಿ. "ಮಣ್ಣೇ. ಒಬಾಚಾನ್ ಹೇಳಿದ ಹಾಗೇ."

"ಈ ಸಲ ಆಕಿ ಮಾರಿ ನೋಡಿ ಹೇಳಿದ್ನಿಲ್ಲೋ?"

"ಯಾ, ಅಜ್ಜಿ. ನೋಡ್ತಿದ್ರು."

ಮರುದಿನ ಮಧ್ಯಾಹ್ನ ಕಜುಕೊ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ಸಾರು ಮಾಡಿದಳು. ಹೊಸ ಪಾತ್ರೆ, ಹೊಸ ಸೋಸುವ ಬಟ್ಟೆ. ಚಕ್ಕೆಯ ಡಬ್ಬಿ ಎಂದೋ ಮನೆ ಬಿಟ್ಟಿತ್ತು. ಬಸವ್ವನನ್ನು ಕರೆದು, ಹಾಕಿದ್ದನ್ನೆಲ್ಲ ಒಂದೊಂದಾಗಿ ಕೈಗೆ ಕೊಟ್ಟಳು: ಒಣಗಿದ ಅಣಬೆ, ಸಮುದ್ರದ ಸೊಪ್ಪು, ಶುಂಠಿ, ಉಪ್ಪು. ಬಸವ್ವ ಪ್ರತಿಯೊಂದನ್ನೂ ಮೂಸಿದಳು. ಸೊಪ್ಪನ್ನು ಎರಡು ಸಲ ಮೂಸಿ ಯುಮಿಯ ಮುಖ ನೋಡಿದಳು.

"ಪ್ಲಾಂಟ್, ಅಜ್ಜಿ. ಪ್ರಾಮಿಸ್."

ಬಸವ್ವ ಬಟ್ಟಲನ್ನು ತುಟಿಗೆ ತಂದು ಒಂದು ಗುಟುಕು ಕುಡಿದಳು. ಕಜುಕೊ ಉಸಿರು ಹಿಡಿದು ನೋಡುತ್ತಿದ್ದಳು.

"ಮೊದಲಿನಷ್ಟ ರುಚಿ ಇಲ್ಲ," ಎಂದಳು ಬಸವ್ವ.

ಯುಮಿ ನಕ್ಕು ಅದನ್ನು ಹೇಳಿದಾಗ ಕಜುಕೊ ಬಾಯಿಗೆ ಕೈ ಅಡ್ಡ ಹಿಡಿದು, ಉಸಿರು ಸಾಲದಷ್ಟು ನಕ್ಕಳು.

ಊಟವಾದ ಮೇಲೆ ಶರ್ವಾಣಿ ತಾಯಿಯ ಪಾತ್ರೆಗಳನ್ನು ಗ್ಯಾರೇಜಿನಿಂದ ಒಳಗೆ ತಂದಿಡುತ್ತಿದ್ದಳು. ಕೊನೆಯ ತವೆಯನ್ನು ಕೈಯಲ್ಲೇ ಹಿಡಿದು ನಿಂತಳು.

"ಅವ್ವಾ, ನಿನಗ ಹೆಂಗ ಮಾಡಬೇಕು?"

"ನಿಮ್ಮಪ್ಪಗ ಹೆಂಗ ಮಾಡಿದ್ರಿ? ಕುಂಡ್ರಿಸಿ. ಕೈಯಾಗ ಲಿಂಗ ಕೊಟ್ಟು."

ಶರ್ವಾಣಿ ಹೂಂ ಎನ್ನಲು ಬಾಯಿ ತೆರೆದಳು. ಆ ಮಾತು ಬರಲಿಲ್ಲ. "ಈ ದೇಶದಾಗ ಹಂಗ ಮಾಡಾಕ ಬಿಡ್ತಾರೋ ಇಲ್ಲೋ, ನಂಗ ಗೊತ್ತಿಲ್ಲವ್ವಾ. ಸೋಮವಾರ ಕೇಳ್ತೀನಿ. ಆಗಂಗಿಲ್ಲಂದ್ರ ಆಗಂಗಿಲ್ಲಂತ ನಿನಗ ಹೇಳ್ತೀನಿ."

ಬಸವ್ವ ಮಗಳ ಕೈಯಿಂದ ತವೆ ತೆಗೆದುಕೊಂಡು, ಒಳಗಿನ ಒಲೆಯ ಮೇಲೆ ಅದರ ಹಳೆಯ ಜಾಗದಲ್ಲಿಟ್ಟಳು.

"ಅಷ್ಟ ಸಾಕು," ಎಂದಳು.